ಕಸಕ್ಕೆ ಕೂಡಿಬಂದ ವಾರ

ಕೆಲವರಿಗೆ ಸುರಗಿ ಹೂವಿನ ವಾಸನೆ ಬಂದರೆ ಹಳೆಯದೆಲ್ಲ ನೆನಪಾಗುತ್ತದಂತೆ. ಇನ್ನು ಕೆಲವರಿಗೆ ಮೊದಲ ಮಳೆ ಬಿದ್ದ ಮಣ್ಣಿನ ವಾಸನೆಯೇ ಆಗಬೇಕು. ಅವರೆಲ್ಲ ಪುಣ್ಯವಂತರು. ನನಗೆ ಹಾಲಿನ ಪ್ಯಾಕೆಟ್ ಸುಟ್ಟ ವಾಸನೆ ಸಾಕು. ಮೊನ್ನೆ ಮಂಗಳವಾರ ಬೆಳಿಗ್ಗೆ, ಸಂಸೆಯಲ್ಲಿ ನನ್ನ ಷಡ್ಡಕರ ಮನೆಯಲ್ಲಿ ಕಂಬಳಿಯೊಳಗೆ ಅರ್ಧ ನಿದ್ದೆಯಲ್ಲಿದ್ದಾಗ, ಬಚ್ಚಲ ಕಡೆಯಿಂದ ಆ ವಾಸನೆ ತೇಲಿ ಬಂತು. ಷಡ್ಡಕರು ನನ್ನ ಸ್ನಾನಕ್ಕೆಂದು ಒಲೆ ಹೊತ್ತಿಸುತ್ತಿದ್ದರು. ಮೂಗು ಉರಿಯಿತು, ಗಂಟಲು ಕೆರೆಯಿತು, ಕಣ್ಣಲ್ಲಿ ನೀರು ಬಂತು. ಆ ನೀರಿನಲ್ಲಿ ಹೊಗೆಯ ಪಾಲೆಷ್ಟು, ಭಾವನೆಯ ಪಾಲೆಷ್ಟು ಎಂದು ಹೇಳುವುದು ಕಷ್ಟ.

ಬಯಲುಸೀಮೆಯ ಓದುಗರಿಗೆ ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಕಾಫಿ ಗುಡ್ಡಗಳಲ್ಲಿ ಜೂನ್ ಕಳೆದ ಮೇಲೆ ಸೌದೆ ಎನ್ನುವುದು ಹೆಸರಿಗೆ ಮಾತ್ರ ಸೌದೆ. ಹಿಂಡಿದರೆ ಅರ್ಧ ಲೋಟ ನೀರು ಕೊಡುವ ಆ ಪದಾರ್ಥದಿಂದ ನಾವು ಹಂಡೆ ನೀರು ಕಾಯಿಸಬೇಕು. ನಮ್ಮ ಹಿರಿಯರು ಊದುಕೊಳವೆ ಹಿಡಿದು ಊದಿ ಊದಿ ಕೆನ್ನೆ ದೊಡ್ಡದು ಮಾಡಿಕೊಂಡಿದ್ದರು. ಆಮೇಲೆ ಪ್ಲಾಸ್ಟಿಕ್ ಬಂತು. ಒಂದು ಹಾಲಿನ ಪ್ಯಾಕೆಟ್ಟನ್ನು ಸೌದೆಯ ಸಂದಿಗೆ ಸಿಕ್ಕಿಸಿ ಕಡ್ಡಿ ಗೀರಿದರೆ, ಅದು ತೊಟ್ಟುತೊಟ್ಟಾಗಿ ಉರಿದು ಬೀಳುತ್ತಾ ಎಂಥ ಹಟಮಾರಿ ಸೌದೆಯನ್ನೂ ದಾರಿಗೆ ತರುತ್ತಿತ್ತು. ಈ ವಿದ್ಯೆಯಲ್ಲಿ ನಾನು ಪಾರಂಗತನಾಗಿದ್ದೆ. ಎಸ್ಟೇಟಿನಲ್ಲಿ ಮೂವತ್ತು ವರ್ಷ ಆಳುಗಳ ಲೆಕ್ಕ ಬರೆದು ಕೆಲಸ ನೋಡಿಕೊಳ್ಳುವ ರೈಟರ್ ಆಗಿ ದುಡಿದು ಸಂಪಾದಿಸಿದ ಗೌರವಕ್ಕಿಂತ, ಒಂದೇ ಕಡ್ಡಿಯಲ್ಲಿ ಬಚ್ಚಲೊಲೆ ಹೊತ್ತಿಸುತ್ತೇನೆಂಬ ಗೌರವ ನಮ್ಮ ಮನೆಯಲ್ಲಿ ಹೆಚ್ಚಿತ್ತು. ಆ ಹೊಗೆ ಎಲ್ಲಿಗೆ ಹೋಗುತ್ತದೆ ಎಂದು ನಾನು ಯೋಚಿಸಿದವನಲ್ಲ. ಮೇಲಕ್ಕೆ ಹೋಗುತ್ತಿತ್ತು. ಮೇಲಕ್ಕೆ ಹೋದದ್ದರ ವಿಚಾರ ನಮಗೇಕೆ?

ಆದರೆ ಈ ವಿದ್ಯೆಗೆ ನಮ್ಮ ಊರಿನಲ್ಲಿ ಗುರುಪೀಠವಿದ್ದದ್ದು ಭಾಗತ್ತೆಯ ಮನೆಯಲ್ಲಿ. ಭಾಗತ್ತೆ ನನ್ನ ತಂದೆಯ ತಂಗಿ, ಭಾಗೀರಥಿ. ಊರೊಳಗೇ ಮದುವೆಯಾಗಿ, ನಮ್ಮ ಮನೆಯಿಂದ ಮೂರು ಮನೆ ಮೇಲಕ್ಕೆ, ಇಬ್ಬರು ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳ ನಡುವೆ ರಾಜ್ಯಭಾರ ಮಾಡುತ್ತಿರುವವರು. ಗೋಣಿಬೀಡಿನ ಆಚೆ, ಇಪ್ಪತ್ತೆರಡು ಮನೆಯ ನಮ್ಮ ಕೇರಿಯಲ್ಲಿ ಅವರ ಮಾತಿಗೆ ಮೇಲ್ಮನವಿ ಇಲ್ಲ. (ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಾನು ಊರು ಬಿಡಬೇಕಾದೀತು.) ಭಾಗತ್ತೆ ಹಾಲಿನ ಪ್ಯಾಕೆಟ್ಟುಗಳನ್ನು ತೊಳೆದು, ಬಟ್ಟೆಯ ಜೊತೆ ತಂತಿಯ ಮೇಲೆ ಒಣಗಿಸಿ, ಮಡಿಸಿ, ಬಿದಿರಿನ ಕುಕ್ಕೆಯಲ್ಲಿ ಮಳೆಗಾಲಕ್ಕೆಂದು ಕೂಡಿಡುತ್ತಿದ್ದರು. ಹಪ್ಪಳ ಸಂಡಿಗೆಗಳ ಪಕ್ಕದಲ್ಲೇ ಅದಕ್ಕೂ ಅಟ್ಟದ ಮೇಲೆ ಜಾಗವಿತ್ತು. ಒಲೆಯ ಬೂದಿ ಅವರ ಬಸಳೆ ಚಪ್ಪರದ ಬುಡಕ್ಕೆ ಹೋಗುತ್ತಿತ್ತು. ಬೂದಿಯಲ್ಲಿ ಕರಗಿ ಗಟ್ಟಿಯಾದ ಕಪ್ಪು ಗಂಟುಗಳಿರುತ್ತಿದ್ದವು. ಬಸಳೆ ಬುಡ ಕೆದಕಿದರೆ ಮಣ್ಣಿಗಿಂತ ಹೆಚ್ಚಾಗಿ ಅವೇ ಸಿಗುವಷ್ಟು ವರ್ಷ ಕಳೆದಿತ್ತು.

ಹೀಗೆ ನಾವು ಸುಖವಾಗಿದ್ದಾಗ ಪಂಚಾಯತಿಯ ಕಸದ ಗಾಡಿ ಬಂತು.

ಗಾಡಿ ಓಡಿಸಿಕೊಂಡು ಬಂದವಳು ಪುಷ್ಪ. ನಾನು ರೈಟರ್ ಆಗಿದ್ದ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕುಯ್ಯುತ್ತಿದ್ದವಳು. ಮಹಿಳಾ ಸಂಘದಿಂದ ತರಬೇತಿಗೆ ಹೋಗಿ, ಲೈಸೆನ್ಸ್ ಪಡೆದು, ಖಾಕಿ ಕೋಟು ಹಾಕಿಕೊಂಡು ಸ್ಟೇರಿಂಗ್ ಹಿಡಿದಿದ್ದಳು. ನಮ್ಮ ಏರಿನ ಹೇರ್‌ಪಿನ್ ತಿರುವಿನಲ್ಲಿ ಒಂದೇ ಸಲಕ್ಕೆ ಗಾಡಿ ತಿರುಗಿಸುವಾಗ ಅವಳ ಮುಖ ನೋಡಬೇಕು. ದೊಡ್ಡ ದೊಡ್ಡ ಪ್ಲಾಂಟರುಗಳು ಜೀಪಿನಲ್ಲಿ ಎರಡು ಸಲ ಹಿಂದೆಮುಂದೆ ಮಾಡುವ ತಿರುವು ಅದು. ಗಾಡಿ ನಮ್ಮ ಕೇರಿಗೆ ಬಂದು ನಿಂತು, ಸ್ವಚ್ಛತೆಯ ಹಾಡನ್ನು ಗಟ್ಟಿಯಾಗಿ ಹಾಡಿತು. ಹಾಡು ಮುಗಿದು ಮತ್ತೆ ಶುರುವಾಯಿತು. ಇಪ್ಪತ್ತೆರಡು ಮನೆಗಳಿಂದ ಒಂದು ನರಪಿಳ್ಳೆಯೂ ಹೊರಗೆ ಬರಲಿಲ್ಲ. ಕಿಟಕಿಯಿಂದ ನೋಡುತ್ತಿದ್ದವರು ಮಾತ್ರ ಇಪ್ಪತ್ತೆರಡು ಮನೆಯಲ್ಲೂ ಇದ್ದರು.

ಕಾರಣ ಸರಳ. ಅವತ್ತು ಶುಕ್ರವಾರ. ಪಂಚಾಯತಿ ನಮಗೆ ಗೊತ್ತುಮಾಡಿದ್ದು ಮಂಗಳವಾರ ಮತ್ತು ಶುಕ್ರವಾರ. ಆ ಎರಡು ದಿನ ಮನೆಯಿಂದ ಏನನ್ನೂ ಹೊರಗೆ ಕೊಡಬಾರದು, ಲಕ್ಷ್ಮಿ ಹೊರಟುಹೋಗುತ್ತಾಳೆ. ಉಳಿದ ದಿನ ಪುಷ್ಪ ಬೇರೆ ಊರುಗಳಿಗೆ ಹೋಗುತ್ತಿದ್ದಳು. ದಿನ ಅದಲುಬದಲು ಮಾಡಿಕೊಳ್ಳಿ ಎಂದು ಆ ಊರುಗಳನ್ನು ಕೇಳಿದರೆ, ಅಲ್ಲೂ ಲಕ್ಷ್ಮಿ ಇದ್ದಳು. ವಾರದಲ್ಲಿ ಮಂಗಳವಾರ, ಶುಕ್ರವಾರ ಯಾರ ಪಾಲಿಗಾದರೂ ಬೀಳಲೇಬೇಕು ಎಂಬ ಸತ್ಯವನ್ನು ಯಾವ ಊರೂ ಒಪ್ಪಲಿಲ್ಲ.

ಮೂರು ವಾರ ಖಾಲಿ ಗಾಡಿ ಮೇಲೆ ಬಂದು ಖಾಲಿಯಾಗಿ ಕೆಳಗೆ ಹೋಯಿತು. ನಾಲ್ಕನೆಯ ಮಂಗಳವಾರ ಪುಷ್ಪ ಗಾಡಿ ನಿಲ್ಲಿಸಿ ನಮ್ಮ ಗೇಟಿನ ಹತ್ತಿರ ಬಂದಳು.

“ರೈಟ್ರೇ, ನೀವೇ ಏನಾದ್ರೂ ಮಾಡ್ಬೇಕು. ಖಾಲಿ ಗಾಡಿಗೆ ಡೀಸೆಲ್ ಯಾಕೆ ಸುಡೋದು ಅಂತ ಸಾಹೇಬ್ರು ಕೇಳ್ತಿದಾರೆ. ಬರೋ ವಾರ ಶುಕ್ರವಾರ ಅವ್ರೇ ನನ್ ಜೊತೆ ಗಾಡೀಲಿ ಕೂತು ಬರ್ತಾರಂತೆ. ಅವತ್ತೂ ಹಿಂಗೇ ಆದ್ರೆ ಗಾಡಿ ನಿಲ್ಸಿಬಿಡ್ತಾರೆ.”

“ನಿಲ್ಲಿಸಿದರೆ ನೀನೇನು ಮಾಡ್ತೀಯ?”

“ಏನ್ ಮಾಡೋದು? ಮತ್ತೆ ಸೊಂಟಕ್ಕೆ ಕುಕ್ಕೆ ಕಟ್ಕೊಳೋದು.” ಸ್ವಲ್ಪ ಹೊತ್ತು ಗಾಡಿಯನ್ನೇ ನೋಡಿದಳು. “ಹಣ್ಣು ಕುಯ್ಯೋದು ಕೆಟ್ಟ ಕೆಲ್ಸ ಅಂತಲ್ಲ. ಆದ್ರೆ ಈ ತಿರುವು ನನಗೆ ಬಂತಲ್ಲ ರೈಟ್ರೇ.”

ತಾನು ಕಲಿತದ್ದನ್ನು ಬಿಟ್ಟುಕೊಡಬೇಕಾದವಳ ಮಾತು ಅದು. ನನಗೆ ಅರ್ಥವಾಯಿತು. ಅರ್ಥವಾದರೆ ಸುಮ್ಮನಿರಬೇಕಿತ್ತು, ನಾನು ಉಪಾಯ ಮಾಡಿದೆ.

ಶುಕ್ರವಾರ ಕೊಡಬಾರದು ತಾನೇ, ಗುರುವಾರವೇ ಹೊರಗಿಟ್ಟರೆ? ದೀಪ ಹಚ್ಚಿದ ಮೇಲೆ ಕಸ ಹೊರಗೆ ಹಾಕಬಾರದೆಂಬ ಇನ್ನೊಂದು ನಿಯಮವಿರುವುದರಿಂದ, ಗುರುವಾರ ಸಂಜೆ ಐದಕ್ಕೇ ನಮ್ಮ ಮನೆಯ ಒಣಕಸವನ್ನು ಚೀಲದಲ್ಲಿ ಕಟ್ಟಿ ಗೇಟಿನ ಹೊರಗಿಟ್ಟೆ. ಕೇರಿಗೆಲ್ಲ ಮಾದರಿಯಾಗಲೆಂದು ಎದ್ದು ಕಾಣುವ ಹಾಗೆ ಇಟ್ಟೆ. ಬೆಳಗಾಗುವಷ್ಟರಲ್ಲಿ ಮಂಗಗಳು ಬಂದಿದ್ದವು. ನಾನು ಎದ್ದು ನೋಡುವಾಗ ನನ್ನ ಖಾಸಗಿ ಬದುಕು ಕೇರಿಯ ಉದ್ದಕ್ಕೂ ಹರಡಿತ್ತು. ಮಲಬದ್ಧತೆಯ ಮಾತ್ರೆಯ ಹಾಳೆಗಳು ಒಂದು ಬೇಲಿಯ ಮೇಲೆ, ಹೆಂಡತಿಗೆ ಗೊತ್ತಿಲ್ಲದೆ ತಿಂದ ಚಾಕಲೇಟಿನ ಹೊದಿಕೆಗಳು ಇನ್ನೊಂದರ ಮೇಲೆ. ಒಂದು ಮರಿಮಂಗ ಭಾಗತ್ತೆಯ ಮನೆಯ ಮೆಟ್ಟಿಲ ಮೇಲೆ ಕೂತು ನನ್ನ ಕೂದಲ ಬಣ್ಣದ ಪೊಟ್ಟಣಗಳನ್ನು ಒಂದೊಂದಾಗಿ ನೆಕ್ಕಿ ನೋಡುತ್ತಿತ್ತು. ಅದರ ಹಿಂದೆ ಭಾಗತ್ತೆ ನಿಂತಿದ್ದರು.

“ಅಲ್ಲ ಮಾರಾಯ,” ಎಂದರು, “ನಿಮ್ಮಪ್ಪನಿಗೆ ನಲವತ್ತಕ್ಕೇ ಬೆಳ್ಳಗಾಗಿತ್ತು, ಇವನದ್ದು ಇನ್ನೂ ಕಪ್ಪಗೇ ಇದೆಯಲ್ಲ, ಎಂತ ಗಟ್ಟಿ ಕೂದಲು ಅಂತ ನಾನು ಎಣಿಸಿಕೊಂಡಿದ್ದೆ.”

ಜನ ಕಸ ಕೊಡಲು ಹಿಂಜರಿಯುವುದಕ್ಕೆ ಲಕ್ಷ್ಮಿಯೊಬ್ಬಳೇ ಕಾರಣವಲ್ಲ ಎಂದು ನನಗೆ ಅವತ್ತು ಹೊಳೆಯಿತು. ಒಲೆಗೆ ಹಾಕಿದ್ದು ಗುಟ್ಟು ಬಿಡುವುದಿಲ್ಲ.

ಮರ್ಯಾದೆ ಹೋದ ಮೇಲೆ ಭಯವೂ ಹೋಗುತ್ತದೆ. ಅದೇ ದಿನ ಭಾಗತ್ತೆಯ ಜಗಲಿಯಲ್ಲಿ ಕೂತು ಪುಷ್ಪನ ಕಷ್ಟವನ್ನೆಲ್ಲ ಹೇಳಿದೆ. ಗಾಡಿ ನಿಂತರೆ ಅವಳ ಕೆಲಸ ಹೋಗುತ್ತದೆ, ನೀವು ಕೊಟ್ಟರೆ ಕೇರಿಯೆಲ್ಲ ಕೊಡುತ್ತದೆ ಎಂದೆ.

“ಶುಕ್ರವಾರ ನಾನು ಮೊಸರಿಗೆ ಹೆಪ್ಪು ಕೂಡ ಕೊಡುವವಳಲ್ಲ,” ಎಂದರು ಭಾಗತ್ತೆ. “ಅಂಥದ್ದರಲ್ಲಿ ಮನೆಯದ್ದು ಎತ್ತಿ ಗಾಡಿಗೆ ಹಾಕೋದಾ?”

“ಅದು ಕಸ, ಅತ್ತೆ.”

“ಕಸ ಆದ್ರೆ ಎಂತ? ಕಸ ಹೋಗೋದೂ ಬಾಗಿಲಿಂದಲೇ ಅಲ್ದನಾ?” ಎಂದವರು ಎಲೆಗೆ ಸುಣ್ಣ ಹಚ್ಚುತ್ತಾ ಹಾಗೇ ಕೈ ನಿಲ್ಲಿಸಿದರು. “ಆದ್ರೆ ತಡಿ. ಮಾರಿ ಕಳಿಸ್ತಿದ್ದದ್ದು ಯಾವ ವಾರ?”

ಇದನ್ನೂ ಬಿಡಿಸಿ ಹೇಳಬೇಕು. ನಾನು ಚಿಕ್ಕವನಿದ್ದಾಗ ವರ್ಷಕ್ಕೊಮ್ಮೆ ನಮ್ಮ ಊರಿನಿಂದ ಮಾರಿ ಕಳಿಸುತ್ತಿದ್ದರು. ಎಲ್ಲ ಮನೆಯವರೂ ಹರಕು ಮೊರ, ಸವೆದ ಪೊರಕೆ, ಒಡೆದ ಮಡಕೆ ತಂದು ಒಂದು ದೊಡ್ಡ ಕುಕ್ಕೆಗೆ ಹಾಕುವರು. ರೋಗ ದರಿದ್ರಗಳೆಲ್ಲ ಅದರ ಜೊತೆಗೇ ತೊಲಗಲಿ ಎಂದು ಒಬ್ಬ ಅದನ್ನು ಹೊತ್ತು ಊರ ಗಡಿ ದಾಟಿಸಿ ಬರುವನು. ಗಡಿಯಾಚೆ ಪಕ್ಕದ ಊರು. ಅವರು ಮರುವಾರ ಅದನ್ನು ತಮ್ಮ ಗಡಿಯಾಚೆಗೆ ಕಳಿಸುವರು. ಹೀಗೆ ಸಾಗಿ ಸಾಗಿ ಕೊನೆಯ ಊರಿನವರು ಏನು ಮಾಡುತ್ತಿದ್ದರೋ ನಮಗೆ ತಿಳಿಯದು, ನಾವು ಕೇಳಿದವರೂ ಅಲ್ಲ. ದೊಡ್ಡ ಪಟ್ಟಣಗಳು ಈಗಲೂ ಇದೇ ಶಾಸ್ತ್ರವನ್ನು ಲಾರಿಗಳಲ್ಲಿ ನಡೆಸುತ್ತಿವೆ ಎಂದು ಕೇಳಿದ್ದೇನೆ. ಇರಲಿ. ಮಾರಿ ಹೊರಡುತ್ತಿದ್ದದ್ದು ಮಂಗಳವಾರ, ತಪ್ಪಿದರೆ ಶುಕ್ರವಾರ.

“ಹಾಂ!” ಎಂದರು ಭಾಗತ್ತೆ. “ಲಕ್ಷ್ಮಿಯನ್ನು ಕಳಿಸಬಾರದು. ಮಾರಿಯನ್ನು ಕಳಿಸೋಕೆ ಇದಕ್ಕಿಂತ ಒಳ್ಳೆ ವಾರ ಇಲ್ಲ.”

ತೀರ್ಪು ಸಂಜೆಯೊಳಗೆ ಇಪ್ಪತ್ತೆರಡು ಮನೆ ಮುಟ್ಟಿತು. ನಾನು ಗೆದ್ದೆನೆಂದು ಬೀಗುತ್ತಾ ಮುಂದಿನ ಮಂಗಳವಾರ ಪುಷ್ಪನಿಗೆ ವಿಷಯ ಹೇಳಿದೆ. ಅವಳು ಸಂತೋಷಪಡಲಿಲ್ಲ. ನೇರವಾಗಿ ಭಾಗತ್ತೆಯ ಮನೆಯ ಮುಂದೆ ಗಾಡಿ ನಿಲ್ಲಿಸಿ, ಸೀಟಿನಿಂದಲೇ ಕೇಳಿದಳು.

“ಅಮ್ಮಾ, ನನ್ ಗಾಡಿನ ಮಾರಿ ಗಾಡಿ ಅಂದ್ರಂತೆ?”

“ಅಂದೆ. ನಿನ್ನ ಒಳ್ಳೇದಕ್ಕೇ ಅಂದೆ, ಮಾರಾಯ್ತಿ.”

“ಮಾರಿ ಕುಕ್ಕೆ ಹೊರ್ತಿದ್ದೋನು ನಮ್ಮಜ್ಜ. ಹೊತ್ತು ಬಂದೋನಿಗೆ ನೀವು ಅಂಗಳದಾಚೆ ಕೂರ್ಸಿ ಊಟ ಹಾಕ್ತಿದ್ರಿ. ಆ ಗಾಡಿ ನಂಗೆ ಬೇಡ. ನಂದು ಪಂಚಾಯ್ತಿ ಗಾಡಿ.”

ಗಾಡಿಯ ಹಿಂದೆಯೇ ನಡೆದು ಬಂದಿದ್ದ ನಾನು ಚಪ್ಪಲಿ ಹುಡುಕುವವನಂತೆ ನೆಲ ನೋಡಿದೆ. ಭಾಗತ್ತೆಗೆ ಹಾಗೆ ಯಾರೂ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

“ಹೌದು, ಹಾಕ್ತಿದ್ವಿ,” ಎಂದರು ಭಾಗತ್ತೆ. “ನಾನೇ ಬಡಿಸಿದ್ದೀನಿ. ಒಳಗೆ ಬಾ, ಕಾಫಿ ಕುಡಿ.”

“ಡ್ಯೂಟೀಲಿ ಗಾಡಿ ಬಿಟ್ಟು ಇಳಿಯಂಗಿಲ್ಲ.”

ಆ ನಿಯಮ ಪಂಚಾಯತಿಯದೋ ಪುಷ್ಪನದೋ ನನಗೆ ಇವತ್ತಿಗೂ ಅನುಮಾನ. ಹಿಂದಿನ ವಾರ ನಮ್ಮ ಗೇಟಿಗೆ ಇಳಿದು ಬಂದವಳೇ ಅವಳು. ಭಾಗತ್ತೆ ಒಳಗೆ ಹೋದರು. ಸೊಸೆಯರನ್ನು ಕಳಿಸಲಿಲ್ಲ. ಮಂಡಿನೋವಿನ ಆ ಹೆಂಗಸು ಲೋಟ ಹಿಡಿದುಕೊಂಡು ಹನ್ನೊಂದು ಮೆಟ್ಟಿಲು ತಾವೇ ಇಳಿದು ಬಂದು, ಗಾಡಿಯ ಕಿಟಕಿಯಿಂದ ಪುಷ್ಪನ ಕೈಗೆ ಕೊಟ್ಟರು. ಪುಷ್ಪ ಕುಡಿದಳು. ಬಿಸಿಯಿತ್ತೆಂದು ಕಾಣುತ್ತದೆ, ನಿಧಾನಕ್ಕೆ ಕುಡಿದಳು. ಅಷ್ಟು ಹೊತ್ತೂ ಭಾಗತ್ತೆ ಗಾಡಿಯ ಬಾಗಿಲು ಹಿಡಿದು ನಿಂತೇ ಇದ್ದರು.

“ಒಂದ್ ಮಾತು ಕೇಳ್ಳಾ?” ಎಂದರು ಲೋಟ ವಾಪಸು ತೆಗೆದುಕೊಳ್ಳುತ್ತಾ. “ಇದನ್ನ ಒಯ್ದು ಯಾವ ಗಡಿಯಾಚೆ ಹಾಕ್ತೀಯ?”

“ಎಲ್ಲೂ ಹಾಕಲ್ಲಮ್ಮ. ಶೆಡ್ಡಲ್ಲಿ ಬಿಡಿಸಿ ಬೇರೆ ಬೇರೆ ಇಡ್ತೀವಿ. ಕರಗಿಸೋರು ಬಂದು ತಗೊಂಡೋಗ್ತಾರೆ.”

“ಹಾಗಾದ್ರೆ ಪಕ್ಕದೂರಿಗೆ ಹೋಗಲ್ವಾ?” ಭಾಗತ್ತೆಯ ಧ್ವನಿಯಲ್ಲಿ ಸಣ್ಣ ನಿರಾಸೆಯಿತ್ತು. ಆಮೇಲೆ ಅವರು ‘ಮಾರಿ ಗಾಡಿ’ ಎಂದದ್ದು ಯಾರೂ ಕೇಳಿಲ್ಲ. ಆದರೆ ತೀರ್ಪನ್ನು ಹಿಂತೆಗೆದುಕೊಳ್ಳಲಿಲ್ಲ: ಮಂಗಳವಾರ, ಶುಕ್ರವಾರ ಬೇಡದ್ದನ್ನು ಕಳಿಸಬಹುದು.

ಬಂತು ಆ ಶುಕ್ರವಾರ. ಪುಷ್ಪನ ಪಕ್ಕದಲ್ಲಿ ಪಂಚಾಯತಿಯ ಅಧಿಕಾರಿ ಫೈಲು ಹಿಡಿದು ಕೂತಿದ್ದರು. ಗಾಡಿ ಬಂದು ನಿಂತದ್ದೇ ತಡ, ನಮ್ಮ ಕೇರಿ ತನ್ನ ಅಟ್ಟಗಳನ್ನು ಮಗುಚಿ ಹಾಕಿತು. ವರ್ಷಕ್ಕೊಮ್ಮೆಯ ಶಾಸ್ತ್ರ ಎಷ್ಟೋ ದಶಕ ತಪ್ಪಿಹೋಗಿತ್ತಲ್ಲ, ಅಷ್ಟರ ಬಾಕಿಯೂ ಒಟ್ಟಿಗೇ ಬಂತು. ಮುರಿದ ಕೊಡೆ, ಮೈಲುತುತ್ತದ ಖಾಲಿ ಚೀಲ, ನರ್ಸರಿಯ ಕರಿ ಪೊಟ್ಟಣಗಳು, ಗಿಡದ ಔಷಧಿಯ ಕ್ಯಾನುಗಳು (ಅವುಗಳಲ್ಲಿ ಎರಡು ಅಂದಿನವರೆಗೂ ಒಂದು ಮನೆಯ ಬಚ್ಚಲಲ್ಲಿ ನೀರಿನ ತಂಬಿಗೆಯಾಗಿದ್ದವು), ಹಲಸಿನ ಸಿಪ್ಪೆ, ರೇಡಿಯೊ, ಹತ್ತಿ ಹಾಸಿಗೆ. ಯಾರೋ ಅರಿಸಿನ ಕುಂಕುಮ ಹಚ್ಚಿದ ಪೊರಕೆಯನ್ನೂ ಮೇಲೆ ಇಟ್ಟರು. ಗಾಡಿ ತುಂಬಿ, ರಸ್ತೆಯೂ ತುಂಬಿತು.

ಅಧಿಕಾರಿಗಳು ಇಳಿದು ಒಂದು ಸುತ್ತು ಬಂದರು. “ಇದು ಕಸ ಕೊಡೋದಾ, ಮನೆ ಖಾಲಿ ಮಾಡೋದಾ? ಹಸಿ ಒಣ ಎಲ್ಲ ಒಟ್ಟಿಗಿದೆ. ಔಷಧಿ ಕ್ಯಾನು ಹಲಸಿನ ಸಿಪ್ಪೆಯೊಳಗಿದೆ. ಇದನ್ನ ಶೆಡ್ಡಿಗೆ ಇಳಿಸೋ ಹಾಗೇ ಇಲ್ಲ. ಇಲ್ಲಿ ಈ ಗಾಡಿ ಪ್ರಯೋಜನವಿಲ್ಲ ಅಂತ ಬರೀಬೇಕಾಗುತ್ತೆ,” ಎಂದು ಪೆನ್ನು ತೆಗೆದರು.

ಪುಷ್ಪನ ಕೈ ಸ್ಟೇರಿಂಗಿನ ಮೇಲೇ ಇತ್ತು. ಖಾಲಿ ಬಂದರೂ ಕೆಲಸ ಹೋಗುತ್ತಿತ್ತು, ತುಂಬಿ ಬಂದರೂ ಹೋಗುವುದಿತ್ತು. ಆಮೇಲೆ ಅವಳು ಗಾಡಿಯಿಂದ ಇಳಿದಳು.

“ಸಾರ್, ಒಂದ್ ಗಂಟೆ ಕೊಡಿ.” ಭಾಗತ್ತೆಯ ಕಾಫಿ ಕಣದ ಕಡೆ ಕೈ ತೋರಿಸಿ ಕೇರಿಯವರಿಗೆ ಕೂಗಿದಳು: “ಟರ್ಪಾಲು ಹಾಸಿ ಎಲ್ಲ ಸುರೀರಿ. ಹಣ್ಣು ಕಾಯಿ ಆರ್ಸೋಕೆ ಬರಲ್ವಾ ನಿಮ್ಗೆ? ಹಂಗೇ!”

ಕೊಯ್ಲಿನ ಕಾಲದಲ್ಲಿ ಸಂಜೆ ಹಣ್ಣು ಅಳೆಯುವ ಮೊದಲು, ಟರ್ಪಾಲಿನ ಮೇಲೆ ಸುರಿದು ಕೆಂಪು ಹಣ್ಣಿನಿಂದ ಹಸಿರು ಕಾಯಿ ಆರಿಸಿ ತೆಗೆಯುವುದು ನಮ್ಮಲ್ಲಿ ಹಾಲುಗಲ್ಲದ ಮಕ್ಕಳಿಗೂ ಬರುವ ಕೆಲಸ. ಕಸ ವಿಂಗಡಿಸಿ ಎಂದು ಹಾಡು ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಮಾತು, ಈಗ ಕೈಗಳಿಗೆ ತಿಳಿಯಿತು. ಹೆಂಗಸರು ಸಾಲಾಗಿ ಕೂತರು. ಬೆರಳುಗಳು ತಮ್ಮಷ್ಟಕ್ಕೆ ಓಡಿದವು. ಪುಷ್ಪ ಮಾತ್ರ ಕೈಗವಸು ಹಾಕಿಕೊಂಡು ಔಷಧಿ ಕ್ಯಾನುಗಳನ್ನು ತಾನೇ ಬೇರೆ ತೆಗೆದಿಟ್ಟಳು.

ನಾನು ಮೂವತ್ತು ವರ್ಷದ ಅಭ್ಯಾಸದಂತೆ ಕೈ ಬೆನ್ನಿಗೆ ಕಟ್ಟಿಕೊಂಡು ಸಾಲಿನ ಹಿಂದೆ ಓಡಾಡುತ್ತಿದ್ದೆ.

“ರೈಟ್ರೇ, ನಿಂತು ನೋಡಿದ್ದು ಸಾಕು. ಕೂತ್ಕೊಳಿ.”

ಕೂತೆ. ನನ್ನ ರಾಶಿಯನ್ನು ಪುಷ್ಪ ಬಂದು ಕಾಲಿನಿಂದ ಹರಡಿ ನೋಡಿ, “ಇದ್ರಲ್ಲಿ ಕಾಯಿ ಬಾಳ ಇದೆ, ಮತ್ತೆ ಆರ್ಸಿ,” ಎಂದಳು. ಎರಡು ಸಲ ಹಾಗೆ ಮಾಡಿದಳು. ಅವಳ ಹಣ್ಣನ್ನು ನಾನು ಎಷ್ಟು ಸಲ ಹೀಗೆ ಹಿಂದಕ್ಕೆ ಹಾಕಿದ್ದೆನೋ, ಎರಡಕ್ಕೇ ಬಿಟ್ಟದ್ದು ಅವಳ ದೊಡ್ಡತನ. ಸ್ವಲ್ಪ ಹೊತ್ತಿನಲ್ಲಿ ಅಧಿಕಾರಿಗಳೂ ಪ್ಯಾಂಟು ಮೇಲಕ್ಕೆಳೆದುಕೊಂಡು ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. ಅವರ ರಾಶಿಯಲ್ಲೂ ಕಾಯಿ ಇತ್ತು.

ಎಲ್ಲ ಮುಗಿದ ಮೇಲೆ ಭಾಗತ್ತೆ ಒಳಗಿನಿಂದ ಬಿದಿರಿನ ಕುಕ್ಕೆ ತಂದರು. ತೊಳೆದು, ಒಣಗಿಸಿ, ಮಡಿಸಿಟ್ಟ ಹಾಲಿನ ಪ್ಯಾಕೆಟ್ಟುಗಳು. “ಇದರಲ್ಲಿ ಕಾಯಿ ಇಲ್ಲ,” ಎಂದರು. ಪುಷ್ಪ ನೋಡಿದಳು. ಇರಲಿಲ್ಲ.

ಆ ಮಳೆಗಾಲದ ಮೊದಲ ವಾರ ಕೇರಿಯೆಲ್ಲ ತಣ್ಣೀರಿನಲ್ಲಿ ಮಿಂದಿತು. ಎರಡನೆಯ ವಾರದ ಹೊತ್ತಿಗೆ, ಕಾಫಿ ಗಿಡ ಸವರಿದ ಕಡ್ಡಿಗಳನ್ನು ಬೇಸಿಗೆಯಲ್ಲೇ ಸೂರಿನಡಿ ಒಣಗಿಸಿಡಬೇಕು, ತೆಂಗಿನ ಸಿಪ್ಪೆ ಕೂಡಿಡಬೇಕು ಎಂದು ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದು ನಮಗೂ ಗೊತ್ತಾಯಿತು. ಒಂದೇ ಕಡ್ಡಿಯ ನನ್ನ ಬಿರುದು ಹೋಯಿತು. ಈಗ ನನಗೆ ನಾಲ್ಕು ಕಡ್ಡಿ ಬೇಕು. ಗಾಡಿ ಮಾತ್ರ ನಿಲ್ಲಲಿಲ್ಲ. ಪುಷ್ಪ ಇವತ್ತಿಗೂ ವಾರಕ್ಕೆರಡು ಸಲ ಆ ತಿರುವನ್ನು ಒಂದೇ ಸಲಕ್ಕೆ ತಿರುಗಿಸಿ ಮೇಲೆ ಬರುತ್ತಾಳೆ.

ಸಂಸೆಯ ಬಚ್ಚಲಿನ ಹೊಗೆ ಇಷ್ಟನ್ನೆಲ್ಲ ನೆನಪಿಸುವಷ್ಟರಲ್ಲಿ ಕಾಫಿ ಬಂತು, ಅದರ ಹಿಂದೆಯೇ ಹೊರಗೆ ರಸ್ತೆಯಲ್ಲಿ ಕಸದ ಗಾಡಿಯ ಹಾಡು ಬಂತು. ಅಲ್ಲಿಯೂ ಯಾರೂ ಹೊರಗೆ ಹೋಗಲಿಲ್ಲ. ನಾನು ಎದ್ದು, ಬಚ್ಚಲ ಮೂಲೆಯಲ್ಲಿದ್ದ ಪ್ಲಾಸ್ಟಿಕ್ಕಿನ ಚೀಲವನ್ನು ಕೈಗೆ ತೆಗೆದುಕೊಂಡೆ.

“ಅಯ್ಯೋ ಭಾವ, ಇವತ್ತು ಮಂಗಳವಾರ!” ಎಂದು ನಾದಿನಿ ಓಡಿ ಬಂದಳು.

ನಾನು ಜಗಲಿಯ ನಡುವೆ ನಿಂತು, ಮಾರಿ ಮತ್ತು ಲಕ್ಷ್ಮಿಯರ ಭೇದ, ವಾರಗಳ ತಾರತಮ್ಯ ಮುಂತಾದವುಗಳನ್ನು ಕುರಿತು ಸಣ್ಣದೊಂದು ಪ್ರವಚನ ಮಾಡಿದೆ. ಷಡ್ಡಕರು ಕೈಯಲ್ಲಿ ಬೆಂಕಿಪೊಟ್ಟಣ ಹಿಡಿದು ಭಕ್ತಿಯಿಂದ ಕೇಳಿದರು. ನಾದಿನಿ ಅರ್ಧ ಒಪ್ಪಿದಳು. ಆ ಅರ್ಧದಲ್ಲೇ ನಾನು ಗಾಡಿಯ ಹತ್ತಿರ ಹೋಗಿ ತಲುಪಿದೆ.

ಗಾಡಿಯಲ್ಲಿ ಸುಮಾರು ಇಪ್ಪತ್ತೈದರ ಹೆಣ್ಣುಮಗಳು. ಕೋಟಿನ ಮಡಿಕೆ ಇನ್ನೂ ಹೊಸದು.

“ಹಸಿ ಒಣ ಬೇರೆ ಮಾಡಿದೀರಾ ಸಾರ್?”

“ಏನೂ ಯೋಚನೆ ಬೇಡಮ್ಮ,” ಎಂದೆ ಗಂಭೀರವಾಗಿ. “ಎಸ್ಟೇಟಿನಲ್ಲಿ ಮೂವತ್ತು ವರ್ಷ ರೈಟರ್ ಆಗಿದ್ದವನು ನಾನು.”

ಹುಡುಗಿ ಹಾಡು ನಿಲ್ಲಿಸಿ ಕೆಳಗಿಳಿದಳು.

“ಹಂಗಾದ್ರೆ ಬಿಚ್ಚಿ ತೋರ್ಸಿ ಸಾರ್. ನಮ್ ತರಬೇತೀಲಿ ಗಾಡಿ ತಿರುಗ್ಸೋದು ಹೇಳ್ಕೊಡೋಕೆ ಮೂಡಿಗೆರೆ ಕಡೆಯಿಂದ ಪುಷ್ಪಕ್ಕ ಅಂತ ಬಂದಿದ್ರು. ಯಾರ ಚೀಲನಾದ್ರೂ ನಂಬು, ಎಸ್ಟೇಟ್ ರೈಟರ್ ಚೀಲ ಮಾತ್ರ ಬಿಚ್ಚಿ ನೋಡು ಅಂದಿದಾರೆ. ಅವ್ರು ಜನ್ಮದಲ್ಲಿ ಆರ್ಸಿದವರಲ್ಲ, ಬೇರೆಯವರ ಕೈಲಿ ಆರ್ಸಿದವ್ರಂತೆ.”

ರಸ್ತೆಯ ಪಕ್ಕದಲ್ಲಿ ಪಂಚೆ ಮೇಲೆ ಕಟ್ಟಿ ಕೂತು ಬಿಚ್ಚಿದೆ. ಮೇಲೆಯೇ ಎರಡು ಬಾಳೆಹಣ್ಣಿನ ಸಿಪ್ಪೆ.